ಬಿಎನ್‌ಎಫ್ ಪುಸ್ತಕ, ಅದರ ಆ್ಯಪ್, ಕಂಪನಿಯ ವಿವರಪತ್ರ: ನನ್ನ ಚೀಲದಲ್ಲಿ ಉಳಿದದ್ದು ಯಾವುದು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ, ಔಷಧ ಬರೆಯುವ ಅಧಿಕಾರವಿರುವ ನರ್ಸ್ ನಾನು. 2006ರಿಂದ ಇಲ್ಲಿ ಈ ಅರ್ಹತೆ ಪಡೆದ ನರ್ಸ್‌ಗಳು ತಮ್ಮ ಪರಿಣತಿಯ ಮಿತಿಯೊಳಗೆ ಹೆಚ್ಚುಕಡಿಮೆ ಎಲ್ಲ ಔಷಧಗಳನ್ನೂ ಬರೆಯಬಹುದು. ಹಾಗಾಗಿ ಸಹಿ ಹಾಕುವ ಮೊದಲು ಏನನ್ನು ನೋಡಿದೆ ಎಂಬುದಕ್ಕೂ ನಾನೇ ಹೊಣೆ. ಮೂರನ್ನೂ ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಒಲವು ಇಲ್ಲಿನ ಔಷಧ ಮಾಹಿತಿಯ ಕೈಪಿಡಿಯಾದ ಬ್ರಿಟಿಷ್ ನ್ಯಾಷನಲ್ ಫಾರ್ಮುಲರಿಯ, ಅಂದರೆ ಬಿಎನ್‌ಎಫ್‌ನ, ಆ್ಯಪ್ ಕಡೆಗೇ ಇದೆ.

ಪುಸ್ತಕವನ್ನು ನಾನು ಕೈಯಿಂದ ದುಡ್ಡು ಕೊಟ್ಟು ಕೊಂಡದ್ದು 2014ರ ಮಾರ್ಚ್ ಸಂಚಿಕೆ. ಆ ಶರತ್ಕಾಲದಲ್ಲಿ ಮೂತ್ರದ ಸೋಂಕಿದ್ದ ಒಬ್ಬ ಹಿರಿಯರಿಗೆ, ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 52 ಇದೆಯೆಂದು, ನೈಟ್ರೋಫ್ಯೂರಾಂಟೊಯಿನ್ ಬಿಟ್ಟು ಟ್ರೈಮೆಥೊಪ್ರಿಮ್ ಬರೆದೆ. 60ಕ್ಕಿಂತ ಕಡಿಮೆಯಿದ್ದರೆ ಬೇಡ ಎಂಬ ಸಾಲಿನ ಕೆಳಗೆ ನಾನೇ ಪೆನ್ಸಿಲ್ ಗೆರೆ ಎಳೆದಿದ್ದೆ. ಅವರು ರಕ್ತದೊತ್ತಡದ ಔಷಧವಾದ ರಾಮಿಪ್ರಿಲ್ ಕೂಡ ಸೇವಿಸುತ್ತಿದ್ದರು; ಅದು ಟ್ರೈಮೆಥೊಪ್ರಿಮ್ ಜೊತೆ ಸೇರಿದರೆ ಪೊಟ್ಯಾಸಿಯಂ ಏರಬಹುದು. ವಾರದೊಳಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿತು. ಸೆಪ್ಟೆಂಬರಿನಲ್ಲೇ ಔಷಧ ನಿಯಂತ್ರಣ ಸಂಸ್ಥೆಯಾದ ಎಂಎಚ್‌ಆರ್‌ಎ ಆ ಮಿತಿಯನ್ನು 45ಕ್ಕೆ ಇಳಿಸಿತ್ತು. ತಪ್ಪು ಪುಸ್ತಕದ್ದಲ್ಲ, ಅದು ಅಚ್ಚಾದ ದಿನ ಸರಿಯಾಗಿಯೇ ಇತ್ತು. ವರ್ಷಕ್ಕೆ ಎರಡೇ ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬರುವ ಪುಸ್ತಕವೊಂದನ್ನೇ ನಂಬಿದ ನನ್ನದು.

ಆ್ಯಪ್‌ನಲ್ಲಿರುವ ಮಾಹಿತಿ ತಿಂಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ, ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದ ಮನೆಯಲ್ಲೂ ತೆರೆದುಕೊಳ್ಳುತ್ತದೆ. ಎರಡು ಔಷಧಗಳ ಹೆಸರು ಕೊಟ್ಟರೆ ಅವುಗಳ ಪರಸ್ಪರ ಪರಿಣಾಮ ಎಷ್ಟು ಗಂಭೀರ, ಅದಕ್ಕೆ ಅಧ್ಯಯನದ ಆಧಾರವಿದೆಯೇ ಅಥವಾ ಬರೀ ತರ್ಕವೇ ಎಂಬುದನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಮಾಹಿತಿಯನ್ನು ಅಳೆಯಲು ನನಗೆ ಬೇಕಾದದ್ದು ಇದೇ.

ಕಂಪನಿಯ ವಿವರಪತ್ರವನ್ನು, ಅಂದರೆ ಇಎಂಸಿ ಜಾಲತಾಣದಲ್ಲಿ ಸಿಗುವ ಎಸ್‌ಎಂಪಿಸಿಯನ್ನು, ಬಿಡಲೂ ಆಗದು, ಮೆಚ್ಚಲೂ ಆಗದು. ಸಸ್ಯಾಹಾರಿ ಗುಜರಾತಿ ಅಜ್ಜಿಯೊಬ್ಬರು ಕ್ಯಾಪ್ಸೂಲಿನಲ್ಲಿ ಜೆಲಟಿನ್ ಇದೆಯೇ ಎಂದು ಕೇಳಿದಾಗ ನಿಖರ ಉತ್ತರ ಸಿಗುವುದು ಅದರ 6.1ನೇ ವಿಭಾಗದಲ್ಲಿ.

ತೊಡಕು ಅಲ್ಲೇ ಇದೆ. ಈ ಪತ್ರ ಒಂದೊಂದು ಕಂಪನಿಯ ಉತ್ಪನ್ನಕ್ಕೆ ಒಂದೊಂದು; ನಾನು ಬರೆಯುವುದೋ ಔಷಧದ ಮೂಲ ಹೆಸರನ್ನು, ಅಂಗಡಿಯವರು ಕೊಡುವುದು ಅಂದು ದಾಸ್ತಾನಿನಲ್ಲಿರುವ ಕಂಪನಿಯದನ್ನು. ಒಂದು ಕಂಪನಿಯ ಪತ್ರ ಓದಿ ಜೆಲಟಿನ್ ಇಲ್ಲವೆಂದು ಅಜ್ಜಿಗೆ ಧೈರ್ಯವಾಗಿ ಹೇಳಿ ಬಂದೆ; ಸಂಜೆ ಅವರ ಮಗ ಫೋನ್ ಮಾಡಿ, ತಂದ ಡಬ್ಬಿ ಬೇರೆ ಕಂಪನಿಯದೆಂದೂ ಅದರ ಕವಚ ಜೆಲಟಿನ್ನಿನದೆಂದೂ ತಿಳಿಸಿದರು.

ಈಗ ಮೊದಲು ಫಾರ್ಮಸಿಗೆ ಫೋನ್ ಮಾಡಿ ಯಾವ ಕಂಪನಿಯದಿದೆ ಎಂದು ಕೇಳಿ, ಬಳಿಕ ಅದೇ ಪುಟ ತೆರೆಯುತ್ತೇನೆ. ಹತ್ತು ನಿಮಿಷ ಕಾಯುವಷ್ಟರಲ್ಲಿ ರೋಗಿ ಚಹಾ ಮಾಡಿ ತಂದಿಟ್ಟಿರುತ್ತಾರೆ.

ಔಷಧ ಕಂಪನಿಯ ಪ್ರತಿನಿಧಿ ಕೊಡುವ ಬಣ್ಣದ ಕರಪತ್ರವನ್ನು ಈ ಹೋಲಿಕೆಗೆ ಸೇರಿಸಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಕೂತು ಕೆಲಸ ಮಾಡುವವರಿಗೆ ಮೇಜಿನ ಮೇಲಿನ ಪುಸ್ತಕವೇ ಹಿತವೆನಿಸೀತು. ನಾನಂತೂ ಇನ್ನು ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಭಾನುವಾರ ರಾತ್ರಿ ಮನೆಯ ವೈಫೈನಲ್ಲಿ ಆ್ಯಪ್‌ನ ಹೊಸ ಮಾಹಿತಿ ಇಳಿಸಿಕೊಂಡು, ಪರಿಷ್ಕರಣೆಯ ದಿನಾಂಕ ನೋಡಿಯೇ ಮಲಗುತ್ತೇನೆ.