ಪ್ರೊಫೆನೊಫಾಸ್ 50 ಇ.ಸಿ.: ಐದು ಹಂಗಾಮು ಹೊಡೆದವನ ಮಾತು

ಹುಳುವಿನ ಮಟ್ಟಿಗೆ ಈ ಎಣ್ಣಿ ಮೇಲೆ ನನಗೆ ದೂರಿಲ್ಲ. (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಅನ್ನೋದು. 50 ಇ.ಸಿ. ಅಂದರೆ ನೂರಕ್ಕೆ ಐವತ್ತು ಪಾಲು ವಿಷ ಇರುವ, ನೀರಿಗೆ ಕಲಸುವ ಎಣ್ಣಿ.) ನನ್ನ ದೂರು ಬಾಟಲಿಗೆ ಅಂಟಿಸಿ ಕೊಡುವ ಚೀಟಿಯ ಮೇಲೆ.

ನಮ್ಮದು ಆಳಂದ ತಾಲ್ಲೂಕಿನ ಎರೆ ಹೊಲ. ಆರು ಎಕರೆ ತೊಗರಿ, ಮಳೆ ಹೇಗೋ ಬೆಳೆ ಹಾಗೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು) ಬಂತು, ಹೆಸರು ದೊಡ್ಡದಾಯಿತು. ಕಾಯಿಕೊರಕ ಹುಳುವಿಗೆ ಅದೆಲ್ಲ ಗೊತ್ತಾಗುವುದಿಲ್ಲ, ಅದು ತಿನ್ನುವಷ್ಟು ತಿನ್ನುತ್ತದೆ. ನಮ್ಮಪ್ಪನ ಕಾಲದಲ್ಲಿ ಗಿಡದ ಬುಡಕ್ಕೆ ಚಾದರ ಹಾಸಿ, ಗಿಡ ಅಲುಗಾಡಿಸಿ, ಬಿದ್ದ ಕೀಡಿ ಬಳಿದು ಒಯ್ಯುತ್ತಿದ್ದರು. ಈಗ ಆ ಕೆಲಸಕ್ಕೆ ಆಳು ಎಲ್ಲಿ ಸಿಗ್ತಾರೆ?

2020ರಿಂದ ಮೊದಲ ಸಲದ ಹೊಡೆತಕ್ಕೆ ನಾನು ಇದನ್ನೇ ತರುತ್ತಿದ್ದೇನೆ. ಅರ್ಧದಷ್ಟು ಹೂವು ಬಂದಾಗ, ಅದರ ಪತಂಗ ತತ್ತಿ ಇಟ್ಟ ಹೊತ್ತಿಗೆ ಹೊಡೆದರೆ ಹುಳು ತತ್ತಿಯಲ್ಲೇ ಸಾಯುತ್ತದೆ. ಲೀಟರ್ ನೀರಿಗೆ 2 ಎಂ.ಎಲ್., ಬೆನ್ನಿಗೆ ಹಾಕುವ 16 ಲೀಟರಿನ ಪಂಪಿಗೆ 32. ಎಕರೆಗೆ ಹನ್ನೆರಡು ಪಂಪು. ನಮ್ಮ ಅಂಗಡಿಯಲ್ಲಿ ಲೀಟರಿಗೆ 800 ರೂಪಾಯಿ ಆಸುಪಾಸು, ನನ್ನ ಕಿಸೆಗೆ ಅದು ಸರಿ. ಎರಡನೇ ಸಲಕ್ಕೆ ಹೊಡೆಯುವ ಇಮಾಮೆಕ್ಟಿನ್ ಅನ್ನೋ ಇನ್ನೊಂದು ಎಣ್ಣಿ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಕಲಸುವ ಕೆಲಸ ನನಗೆ ಇಷ್ಟ. ಸುಳ್ಳು ಯಾಕೆ ಹೇಳಲಿ. ಇಳಿಹೊತ್ತಿಗೆ, ಜೇನುಹುಳುಗಳು ಹೂವು ಬಿಟ್ಟು ಹೋದ ಮೇಲೆ ಶುರು. ಈ ಎಣ್ಣಿ ಜೇನಿಗೂ ಮೀನಿಗೂ ಕೆಟ್ಟದ್ದು, ಅದಕ್ಕೇ ಹಳ್ಳದ ದಂಡೆಯಲ್ಲಿ ಕಲಸುವುದಿಲ್ಲ. ಬಕೆಟಿನಲ್ಲಿ ಅರ್ಧ ನೀರು. ಎಣ್ಣಿ ಸುರಿದ ಕೂಡಲೇ ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಬೇವಿನ ಕೋಲಿನಿಂದ ತಿರುವಬೇಕು, ಕೈಯಿಂದ ಅಲ್ಲ. ವಾಸನೆ ಕೊಳೆತ ಬೆಳ್ಳುಳ್ಳಿಯದ್ದು. ಆಮೇಲೆ ಒಂದು ಹಿಡಿ ಒಣ ಮಣ್ಣು ಎತ್ತಿ ಬಿಡುತ್ತೇನೆ, ಧೂಳು ಯಾವ ಕಡೆ ಹೋಗುತ್ತದೆ ನೋಡಲಿಕ್ಕೆ. ಧೂಳು ಹೋದ ಕಡೆಯ ಬದುವಿನಿಂದ ಶುರು ಮಾಡಿ, ಗಾಳಿಗೆ ಅಡ್ಡಲಾಗಿ ನಡೆಯುತ್ತಾ ಒಂದೊಂದೇ ಸಾಲು ಗಾಳಿ ಬರುವ ಕಡೆಗೆ ಸರಿಯುತ್ತೇನೆ. ಹೊಡೆದ ಸಾಲಿನೊಳಗೆ ಮತ್ತೆ ಕಾಲಿಡುವುದಿಲ್ಲ.

ಇಷ್ಟೆಲ್ಲ ಜಾಣತನ 2022ರ ನಂತರದ್ದು.

ಆ ವರ್ಷ ಮಳೆ ಜಾಸ್ತಿ, ತೊಗರಿ ತಲೆ ಮೇಲೆ ಬೆಳೆದಿತ್ತು. ಪಂಪಿನ ಕೋಲು ಮೇಲೆತ್ತಿ ಹೊಡೆದರೆ ಹನಿ ಮುಖದ ಮೇಲೆಯೇ ಇಳಿಯುತ್ತಿತ್ತು. ಪಂಪಿನ ಮುಚ್ಚಳದ ವಾಷರ್ ಸವೆದಿತ್ತು, ಹೆಜ್ಜೆ ಇಟ್ಟಾಗಲೆಲ್ಲ ಬೆನ್ನ ಮೇಲೆ ಒಂದು ಸಣ್ಣ ತಂಪು. ಬೆವರು ಅಂದುಕೊಂಡೆ. ಬಾಯಿಗೆ ಟವೆಲ್ ಕಟ್ಟಿದ್ದೆ, ಸಾಕು ಅಂತಿದ್ದೆ. ಟವೆಲ್ ಹನಿ ಹೀರಿಕೊಂಡು ಮೂಗಿನ ಹತ್ತಿರವೇ ಇಟ್ಟುಕೊಳ್ಳುತ್ತದೆ ಅನ್ನೋದು ಹೊಳೆದಿರಲಿಲ್ಲ. ಮೂರು ತಾಸು ಅದೇ ಒದ್ದೆ ಅಂಗಿ.

ಮನೆಗೆ ಬಂದು ಕೂತೆ. ‘ಲೈಟ್ ಯಾಕ ಇಷ್ಟ್ ಮಂದ ಅದ?’ ಅಂದೆ.

‘ಲೈಟ್ ಛಲೋ ಅದ, ನಿನಗೇನಾಗ್ಯದ?’ ಅಂದಳು ಅವ್ವ.

ಮಗ ಮೊಬೈಲ್ ಬೆಳಕು ಹಿಡಿದು ನೋಡಿದ. ಕಣ್ಣಿನ ಕಪ್ಪು ಬೊಟ್ಟು ಸಾಸಿವೆಗಿಂತ ಸಣ್ಣದಾಗಿತ್ತಂತೆ. ಅಷ್ಟರಲ್ಲಿ ಬಾಯಿ ತುಂಬ ಜೊಲ್ಲು, ಮೈ ಎಲ್ಲ ಬೆವರು, ಎದೆ ಹಿಡಿದಂತೆ, ವಾಂತಿ. ದವಾಖಾನೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಮಾತು ‘ಬಾಟ್ಲಿ ತಂದೀರೇನ್ರಿ?’ ಬಾಟಲಿ ಬದುವಿನ ಮೇಲೆ ಇತ್ತು. ನನಗೆ ಹೆಸರೂ ಬರಲಿಲ್ಲ, ‘ಬೆಳ್ಳುಳ್ಳಿ ವಾಸನಿದು’ ಅಂದೆ. ಅವರು ಕಣ್ಣು ನೋಡಿಯೇ ಗುರುತು ಹಿಡಿದರು. ಅಂಗಿ ಬಿಚ್ಚಿಸಿ ಮೈಯೆಲ್ಲ ಸೋಪು ಹಚ್ಚಿ ತೊಳೆಸಿದರು, ಈ ವಿಷ ಇಳಿಸುವ ಮದ್ದು ಅಟ್ರೋಪಿನ್ ಕೊಟ್ಟರು. ಬಾಯಿ ಒಣಗಿ ಹಪ್ಪಳವಾಯಿತು. ನೀರು ನೀರು ಅಂತ ಗೋಗರೆದರೆ, ‘ಒಣಗಬೇಕು, ಅದೇ ಬೇಕಾಗಿದ್ದು’ ಅಂದರು. ಎರಡು ರಾತ್ರಿ ಅಲ್ಲೇ.

ಮನೆಗೆ ಬಂದ ಮೇಲೆ ಸುಮ್ನೆ ಕೂತು ಆ ಚೀಟಿ ಬಿಡಿಸಿದೆ. ಎಂಟು ಮಡಿಕೆ, ಹಲವು ಭಾಷೆ. ಕನ್ನಡಕ್ಕೆ ಸಿಕ್ಕಿದ್ದು ಅಂಗೈಯಷ್ಟು ಜಾಗ, ಅಕ್ಷರ ಅಜವಾನದ ಕಾಳಿನಷ್ಟು. ಗೋಂದು ಹಚ್ಚಿದ ಕಡೆ ಎರಡು ಸಾಲು ಕಿತ್ತೇ ಹೋಗಿತ್ತು. ಕನ್ನಡಕ ಹಾಕಿಕೊಂಡರೂ ಆಗಲಿಲ್ಲ, ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿದೆ.

ಎಲ್ಲವೂ ಅದರಲ್ಲಿತ್ತು ರೀ! ಚರ್ಮದ ಮೂಲಕ ಒಳಗೆ ಹೋಗುತ್ತದೆ ಅಂತ. ಕೈಗವಸು, ಮಾಸ್ಕ್, ಕನ್ನಡಕ, ತುಂಬು ತೋಳಿನ ಬಟ್ಟೆ ಅಂತ. ಒದ್ದೆಯಾದರೆ ಬಟ್ಟೆ ಬಿಚ್ಚಿ ಸೋಪಿನಿಂದ ತೊಳೆಯಿರಿ ಅಂತ. ಅಟ್ರೋಪಿನ್ ಹೆಸರೂ ಇತ್ತು. ಡಾಕ್ಟರಿಗೆ ಬೇಕಾಗಿದ್ದ ಮಾತು ಹೊಲದಲ್ಲಿ ಇರುವೆ ಹತ್ತಿಸಿಕೊಂಡು ಬಿದ್ದಿತ್ತು. ಬಾಟಲಿಯ ಮೇಲಿನ ಹಳದಿ ತ್ರಿಕೋನವನ್ನು ಮೂರು ವರ್ಷ ನೋಡಿದ್ದೆ. ಕೆಂಪು ಅಲ್ಲವಲ್ಲ, ಪರವಾಗಿಲ್ಲ ಅಂದುಕೊಂಡಿದ್ದೆ. ಕೆಂಪು, ಹಳದಿ, ನೀಲಿ, ಹಸಿರು ಅನ್ನೋದು ವಿಷದ ಇಳಿಕೆಯ ಕ್ರಮ. ಹಳದಿ ಅಂದರೆ ಮೇಲಿನಿಂದ ಎರಡನೆಯದು. ಬಾಟಲಿಯ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಇರುವುದು ಕಂಪನಿಯ ಹೆಸರು, ಹುಳುವಿನ ಚಿತ್ರ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಎಣ್ಣಿ ಹೊಡೆಯುವಾಗಲೇ ವಿಷ ತಾಗಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಹತ್ತಿ ಆಳೆತ್ತರ ಬೆಳೆದಿತ್ತು. ಅಲ್ಲಿ ಕೇಳಿಬಂದ ಎಣ್ಣಿಗಳಲ್ಲಿ ಪ್ರೊಫೆನೊಫಾಸ್ ಕೂಡ ಒಂದು. ನಾನು ಆ ಸುದ್ದಿಯನ್ನು ಚಹಾ ಕುಡಿಯುತ್ತಾ ಓದಿ ಪೇಪರ್ ಮಡಚಿ ಇಟ್ಟವನು.

ಹಾಗಾದರೆ ಬಿಟ್ಟೆಯಾ ಅಂದರೆ, ಇಲ್ಲ. ವಾಷರ್ ಬದಲಿಸಿದೆ, 15 ರೂಪಾಯಿ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಪಂಪಿಗೂ ಬೆನ್ನಿಗೂ ನಡುವೆ ಕಟ್ಟುತ್ತೇನೆ. ರಬ್ಬರ್ ಕೈಗವಸು ತಂದಿದ್ದೇನೆ. ಹನಿ ತಡೆಯುವ ಕನ್ನಡಕ ಮಾತ್ರ ಹತ್ತು ನಿಮಿಷಕ್ಕೆ ಮಂಜು ಹಿಡಿಯುತ್ತದೆ, ಒರೆಸಿ ಒರೆಸಿ ಸಾಕಾಗಿದೆ. ಗಿಡ ಎದೆಮಟ್ಟ ದಾಟಿದ್ದರೆ ಆ ವರ್ಷ ಪ್ರೊಫೆನೊಫಾಸ್ ಹೊಡೆಯುವುದಿಲ್ಲ. ಎಣ್ಣಿ ಹೊಡೆದ ಅಂಗಿ ಬೇರೆ ಬುಟ್ಟಿಯಲ್ಲಿ ಬೀಳುತ್ತದೆ. ಖಾಲಿ ಬಾಟಲಿಯನ್ನು ಮೂರು ಸಲ ಜಾಲಾಡಿ, ಆ ನೀರನ್ನು ಪಂಪಿಗೇ ಹಾಕಿ, ಬಾಟಲಿಗೆ ಮೊಳೆ ಹೊಡೆದು ತೂತು ಮಾಡುತ್ತೇನೆ. ಮೊದಲು ಅದೇ ಬಾಟಲಿ ಬಯಲಿಗೆ ನೀರು ಒಯ್ಯಲಿಕ್ಕೆ ಆಗುತ್ತಿತ್ತು. ಅವ್ವ ಇನ್ನೂ ಗೊಣಗುತ್ತಾಳೆ, ಛಲೋ ಬಾಟ್ಲಿ ಹಾಳ ಮಾಡ್ತಾನ ಅಂತ.

ಕಳೆದ ಹಂಗಾಮಿನಲ್ಲಿ ಅಂಗಡಿಯವನಿಗೆ ಹೇಳಿದೆ, ಚೀಟಿ ದೊಡ್ಡ ಅಕ್ಷರದಲ್ಲಿ ಬರೋ ಹಂಗ ಕಂಪನಿಯವರಿಗೆ ಹೇಳಪ್ಪಾ ಅಂತ. ‘ಕಾಕಾ, ಇಷ್ಟ್ ವರ್ಷದಾಗ ಚೀಟಿ ಕೇಳ್ದವ್ರು ನೀವೊಬ್ಬರೇ’ ಅಂದ. ಅವನು ಕೊಡುವಾಗ ಚೀಟಿ ಹರಿದು ಮೂಲೆಗೆ ಎಸೆಯುತ್ತಾನೆ, ಬಾಟಲಿ ಚೀಲದಲ್ಲಿ ಸಲೀಸಾಗಿ ಕೂರಲಿ ಅಂತ. ನಾನು ಆ ಮೂಲೆಯಿಂದಲೇ ಒಂದು ಎತ್ತಿಕೊಂಡೆ. ಕಲಬುರಗಿ ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಕನ್ನಡದ ಭಾಗವನ್ನಷ್ಟೇ ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿದೆ, 20 ರೂಪಾಯಿ. ಪಂಪು ಇಡುವ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಓಣಿಯ ನಾಲ್ಕೈದು ಜನ ಬಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು. ಒಬ್ಬ ಮಾತ್ರ ಓದಿ ಮುಗಿಸಿ, ‘ಇದ್ಯಾವ ಕಂಪನಿದು? ನಂ ಬಾಟ್ಲಿ ಮ್ಯಾಲ ಹಿಂಗೇನೂ ಬರ್ದಿಲ್ಲಲ್ಲ’ ಅಂದ. ಅವನ ಬಾಟಲಿಯೂ ಅದೇ.