ಚೀಟ್ ಡೇ ದಿನ ತೂಗಬೇಕಾದ್ದು ಎಣ್ಣೆ ಡಬ್ಬಿ: ಅಡುಗೆಮನೆ ಡಿಜಿಟಲ್ ತಕ್ಕಡಿ, ಎರಡು ಮಳೆಗಾಲದ ನಂತರ

ಐದು ಕಿಲೋವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ, ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುವ ಬಿಳಿ ಪ್ಲಾಸ್ಟಿಕ್ ತಕ್ಕಡಿ ಇದು. ಬ್ರ್ಯಾಂಡ್ ಹೆಸರು ಬರೆದು ಉಪಯೋಗವಿಲ್ಲ. ಒಂದೇ ಅಚ್ಚಿನ ಮಾಲು ಹತ್ತಾರು ಹೆಸರಿನ ಸ್ಟಿಕ್ಕರ್ ಹಚ್ಚಿಕೊಂಡು ಆನ್‌ಲೈನಿನಲ್ಲೂ ಕ್ರಾಫರ್ಡ್ ಮಾರ್ಕೆಟ್ ಸುತ್ತಿನ ಅಂಗಡಿಗಳಲ್ಲೂ ಸಿಗುತ್ತದೆ. ಬಳಕೆ ಎರಡು ಮಳೆಗಾಲ ದಾಟಿದೆ, ಅದೂ ಮುಂಬೈ ಮಳೆಗಾಲ. ಉದ್ದೇಶ ಒಂದೇ: ತೂಕ ಇಳಿಸುವಾಗ ವಾರಕ್ಕೊಮ್ಮೆ ಬರುವ ಚೀಟ್ ಡೇ, ಅಂದರೆ ಪಥ್ಯ ಬಿಟ್ಟು ಬೇಕಾದ್ದು ತಿನ್ನುವ ದಿನದ ಲೆಕ್ಕ ಇಡುವುದು.

ವಾರದ ಆರು ದಿನ ಈ ತಕ್ಕಡಿ ಇಲ್ಲದಿದ್ದರೂ ನಡೆಯುತ್ತದೆ. ಎರಡು ಚಪಾತಿ, ಒಂದು ಬಟ್ಟಲು ಸಾರು, ಪಲ್ಯ, ಮೊಸರು ದಿನಾ ಅದೇ ಊಟ. ಕಣ್ಣಳತೆ ಹತ್ತು ಪರ್ಸೆಂಟ್ ಆಚೀಚೆ ಆದರೂ ಮುಳುಗುವುದೇನಿಲ್ಲ. ಎಡವಟ್ಟಾಗುವುದು ಏಳನೇ ದಿನ. ಆ ದಿನದ ಅಡುಗೆಯಲ್ಲಿ ಎಣ್ಣೆ, ತುಪ್ಪ, ಕಾಯಿ, ಬೆಲ್ಲ ಹೆಚ್ಚು, ಇವು ನಾಲ್ಕೂ ತಟ್ಟೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆ, ತುಪ್ಪ ಗ್ರಾಂಗೆ 9 ಕ್ಯಾಲೊರಿ. ಹಿಟ್ಟಿನ ಪಿಷ್ಟ, ಸಕ್ಕರೆ, ಬೇಳೆಯ ಪ್ರೋಟೀನ್ ಗ್ರಾಂಗೆ 4. ಆದ್ದರಿಂದ ಕಲಸಿದ ಅನ್ನವನ್ನು ತಟ್ಟೆ ಸಮೇತ ತಕ್ಕಡಿ ಮೇಲಿಟ್ಟು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ತೂಗಬೇಕಾದ್ದು ಎಣ್ಣೆ ಡಬ್ಬಿ.

ಎಣ್ಣೆಯನ್ನು ತೂಗುವ ಕ್ರಮಕ್ಕೂ ಒಂದು ಕಾರಣವಿದೆ. ಬಾಣಲೆಯನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಎಣ್ಣೆ ಸಣ್ಣಗೆ ಸುರಿದರೆ ತಕ್ಕಡಿ ಮೋಸ ಮಾಡುತ್ತದೆ. ಈ ಬೆಲೆಯ ತಕ್ಕಡಿಗಳಲ್ಲಿ ಸೊನ್ನೆಯ ಹತ್ತಿರದ ಸಣ್ಣ ಏರಿಳಿತವನ್ನು ಅದೇ ಸೊನ್ನೆಗೆ ತಂದುಬಿಡುವ ವ್ಯವಸ್ಥೆ ಇರುತ್ತದೆ. ಹನಿ ಹನಿಯಾಗಿ ಬಿದ್ದ ಮೂರು ನಾಲ್ಕು ಗ್ರಾಂ ಅದರಲ್ಲಿ ಕರಗಿಹೋಗುತ್ತದೆ. ಉಲ್ಟಾ ಮಾಡಿ. ಎಣ್ಣೆ ಡಬ್ಬಿಯನ್ನೇ ಮೇಲಿಟ್ಟು ಸೊನ್ನೆ ಮಾಡಿ, ಡಬ್ಬಿ ಎತ್ತಿ, ಬೇಕಾದಷ್ಟು ಸುರಿದು, ವಾಪಸ್ ಇಡಿ. ಮೈನಸ್ 14 ಎಂದು ತೋರಿಸಿದರೆ ಬಾಣಲೆಗೆ ಬಿದ್ದದ್ದು 14 ಗ್ರಾಂ, ಅಂದರೆ 126 ಕ್ಯಾಲೊರಿ. ತುಪ್ಪದ ಬಾಟಲಿ, ಬೆಣ್ಣೆಯ ಪೊಟ್ಟಣ, ಚಟ್ನಿಪುಡಿ ಡಬ್ಬಿ ಎಲ್ಲಕ್ಕೂ ಇದೇ ಉಪಾಯ. ಪಾವ್ ಭಾಜಿ ಮಾಡುವ ದಿನ ಬೆಣ್ಣೆಯ ಪೊಟ್ಟಣವನ್ನು ಮೊದಲೊಮ್ಮೆ, ಕೊನೆಗೊಮ್ಮೆ ತೂಗಿದರೆ ಸಾಕು. 100 ಗ್ರಾಂ ಬೆಣ್ಣೆಗೆ ಸುಮಾರು 720 ಕ್ಯಾಲೊರಿ; ಭಾಜಿಗೆಷ್ಟು, ಪಾವಿಗೆಷ್ಟು ಎಂಬ ಜಗಳವೇ ಇಲ್ಲ.

ಒಂದು ಎಚ್ಚರ: ಎಣ್ಣೆಯ ಬಾಟಲಿ ಮೇಲೆ ಮಿಲಿಲೀಟರ್ ಬರೆದಿದ್ದರೆ ಅದು ಗ್ರಾಂ ಅಲ್ಲ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910–920 ಗ್ರಾಂ. ತಕ್ಕಡಿಯ ‘ಎಂಎಲ್’ ಗುಂಡಿ ಒತ್ತಿದರೆ ಅದು ನೀರಿನ ಲೆಕ್ಕ ಹೇಳುತ್ತದೆ, ಎಣ್ಣೆಯದ್ದಲ್ಲ. ಆ ಗುಂಡಿಯನ್ನು ಮರೆತುಬಿಡಿ.

ಕರಿದ ತಿಂಡಿಯ ಲೆಕ್ಕ ಎಲ್ಲರಿಗೂ ಕಷ್ಟ. ಎಷ್ಟು ಎಣ್ಣೆ ಹೀರಿತು ಎಂದು ಕ್ಯಾಲೊರಿ ಎಣಿಸುವ ಆ್ಯಪ್‌ ಹೇಳುವುದಿಲ್ಲ, ಹೇಳಿದರೂ ನಿಮ್ಮ ಬಾಣಲೆಯದ್ದಲ್ಲ. ಗೋಳಿಬಜೆಯ ಒಂದು ಪೂರ್ತಿ ಲೆಕ್ಕ ನೋಡಿ. ಮೈದಾ 250 ಗ್ರಾಂ (875 ಕ್ಯಾಲೊರಿ), ಮೊಸರು 200 ಗ್ರಾಂ (120), ಕಾಯಿಚೂರು 25 ಗ್ರಾಂ (95), ಸಕ್ಕರೆ 10 ಗ್ರಾಂ (40). ಹಸಿಮೆಣಸು, ಶುಂಠಿ, ಕರಿಬೇವನ್ನು ಲೆಕ್ಕಕ್ಕೆ ತರಬೇಡಿ. ಕರಿಯುವ ಮೊದಲು ಎಣ್ಣೆ ಸಮೇತ ಬಾಣಲೆ 1412 ಗ್ರಾಂ. ಕರಿದು, ಪೂರ್ತಿ ಆರಿದ ಮೇಲೆ 1338. ಕಡಿಮೆಯಾದದ್ದು 74. ಬಜೆ ಹಾಕಿಟ್ಟ ಪೇಪರನ್ನು ಮೊದಲೂ ಆಮೇಲೂ ತೂಗಿದರೆ ಅದರಲ್ಲಿ 6 ಗ್ರಾಂ ಎಣ್ಣೆ. ಹೊಟ್ಟೆಗೆ ಹೋಗುವುದು 68 ಗ್ರಾಂ, ಅಂದರೆ 612 ಕ್ಯಾಲೊರಿ. ಒಟ್ಟು 1742. ಬಜೆ 34 ಆದರೆ ಒಂದಕ್ಕೆ 51. ಆರು ಬಜೆಯ ಒಂದು ಪ್ಲೇಟಿಗೆ 306, ಚಟ್ನಿ ಬೇರೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಎಣ್ಣೆ ಎಂಬುದನ್ನು ಗಮನಿಸಿ.

ಇಲ್ಲಿ ತಪ್ಪುವುದು ಎರಡು ಕಡೆ. ಬಿಸಿ ಬಾಣಲೆಯನ್ನು ತಕ್ಕಡಿಗೆ ತಾಗಿಸಿದರೆ ಒಳಗಿನ ಲೋಡ್ ಸೆಲ್ (ತೂಕ ಅಳೆಯುವ ಭಾಗ) ಬಿಸಿಯಾಗಿ ಅಂಕಿ ಸರಿಯುತ್ತ ಹೋಗುತ್ತದೆ, ಜತೆಗೆ ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ. ಬಿಸಿ ಎಣ್ಣೆ ಹೊತ್ತು ಓಡಾಡುವುದು ಎಂಥ ಅಪಾಯ ಎಂದು ಹೇಳಬೇಕಾಗಿಲ್ಲ. ಆರುವವರೆಗೆ ಕಾಯಲೇಬೇಕು. ಎರಡನೆಯದು, ಎಣ್ಣೆಯ ತಳದಲ್ಲಿ ಉಳಿದ ಹಿಟ್ಟಿನ ಚೂರು. ಅದನ್ನು ಜಾಲರಿ ಸೌಟಿನಲ್ಲಿ ತೆಗೆಯದಿದ್ದರೆ ಎಣ್ಣೆ ಕಡಿಮೆ ಹೀರಿದಂತೆ ಕಾಣುತ್ತದೆ. ಎಣ್ಣೆ ಸರಿಯಾಗಿ ಕಾಯುವ ಮೊದಲೇ ಹಿಟ್ಟು ಬಿಟ್ಟ ದಿನ ಅಂಕಿ ಏರುವುದನ್ನು ತಕ್ಕಡಿ ಚೆನ್ನಾಗಿ ಹಿಡಿದುಕೊಡುತ್ತದೆ.

ಕರಿಯದ ಅಡುಗೆಗೆ ಸೂತ್ರ ಸರಳ: ಹಾಕಿದ್ದೆಲ್ಲ ಹಸಿಯಾಗಿರುವಾಗ ತೂಗಿ ಕ್ಯಾಲೊರಿ ಕೂಡಿಸಿ, ಅಡುಗೆ ಮುಗಿದ ಮೇಲಿನ ಒಟ್ಟು ತೂಕದಿಂದ ಭಾಗಿಸಿ, ಬಡಿಸಿಕೊಂಡಷ್ಟಕ್ಕೆ ಗುಣಿಸಿ. ಖಾಲಿ ಪಾತ್ರೆಗಳ ತೂಕವನ್ನು ಮೊದಲೇ ಬರೆದಿಟ್ಟಿರಬೇಕು. ಕುಕ್ಕರಿನ ತೂಕ ಅದರ ಹಿಡಿಕೆ ಮೇಲೇ ಮಾರ್ಕರಿನಲ್ಲಿ ಬರೆದರೆ ಉತ್ತಮ. ಐದು ಕಿಲೋ ಮಿತಿ ಎಂದರೆ ಪಾತ್ರೆಯೂ ಸೇರಿ ಐದು ಕಿಲೋ. ಹತ್ತು ಜನರ ಕೋಳಿ ಸಾರು ದೊಡ್ಡ ಪಾತ್ರೆಯಲ್ಲಿ ಮಾಡಿದರೆ ತಕ್ಕಡಿ ‘ಎರರ್’ ಹೇಳಿ ಕೈ ಎತ್ತುತ್ತದೆ. ಎರಡು ಪಾತ್ರೆಗೆ ಬಗ್ಗಿಸಿ ತೂಗಿ.

ಭಾನುವಾರದ ಕೋರಿ ರೊಟ್ಟಿಗೆ ಇನ್ನೊಂದು ನಿಯಮ: ರೊಟ್ಟಿಯನ್ನು ಸಾರು ಹಾಕುವ ಮೊದಲು, ಗರಿಗರಿ ಇರುವಾಗಲೇ ತೂಗಿ. 50 ಗ್ರಾಂ ರೊಟ್ಟಿಗೆ 180–190 ಕ್ಯಾಲೊರಿ. ನೆನೆದ ಮೇಲೆ ತೂಗಿದರೆ ಸಾರನ್ನೂ ರೊಟ್ಟಿ ಎಂದು ಬರೆದಂತೆ. ಕಾಯಿಯನ್ನು ‘ಅರ್ಧ ಕಾಯಿ’ ಎಂದು ಬರೆಯಬೇಡಿ, ಕಾಯಿಗೂ ಕಾಯಿಗೂ ಅಜಗಜಾಂತರ. ತುರಿದು ತೂಗಿ, 100 ಗ್ರಾಂ ತುರಿಗೆ 350ರಿಂದ 400. ಹಾಲು ಹಿಂಡಿ ಚರಟ ಎಸೆಯುವವರು ಇದಕ್ಕಿಂತ ಕಡಿಮೆ ಹಿಡಿಯಬಹುದು, ರುಬ್ಬಿ ಹಾಕುವವರಿಗೆ ಆ ರಿಯಾಯಿತಿ ಇಲ್ಲ. ಕೋಳಿ, ಬಂಗುಡೆ, ಅಂಜಲ್ ಏನೇ ಇರಲಿ, ಊಟ ಮುಗಿದ ಮೇಲೆ ಮೂಳೆ, ಮುಳ್ಳನ್ನು ತೂಗಿ ಕಳೆಯಿರಿ. ಅರಿಶಿನ ಎಲೆಯಲ್ಲಿ ಬೇಯಿಸುವ ‘ಗಟ್ಟಿ’ ಎಂಬ ಕಡುಬಿನದ್ದೂ ಇದೇ ಕತೆ: ಎಲೆ ಸಮೇತ ತೂಗಿ ಆ್ಯಪಿಗೆ ಹಾಕಿದವರು ಎಲೆಯನ್ನೂ ತಿಂದಂತಾಯಿತು.

ಅನ್ನದ ವಿಷಯದಲ್ಲಿ ಹಸಿ–ಬೆಂದ ಗೊಂದಲವೇ ಮುಖ್ಯ ತಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ ಬೆಳ್ತಿಗೆ ಅಕ್ಕಿ 100 ಗ್ರಾಂಗೆ 1491 ಕಿಲೋಜೂಲ್, 4.184ರಿಂದ ಭಾಗಿಸಿದರೆ 356 ಕ್ಯಾಲೊರಿ. ಅದೇ ಅಕ್ಕಿ ಬೆಂದು 280 ಗ್ರಾಂ ಆದರೆ 100 ಗ್ರಾಂ ಅನ್ನಕ್ಕೆ 127. ಆ್ಯಪಿನಲ್ಲಿ ‘ರೈಸ್’ ಎಂದು ಹುಡುಕಿದರೆ ಎರಡೂ ಸಾಲು ಬರುತ್ತವೆ. ತಪ್ಪು ಸಾಲು ಆರಿಸಿದರೆ ಲೆಕ್ಕ ಮೂರು ಪಟ್ಟು ಆಚೀಚೆ. ಆ ಕೋಷ್ಟಕ ಕಿಲೋಜೂಲಿನಲ್ಲಿದೆ ಎಂಬುದನ್ನು ಗಮನಿಸದೆ ಯಾರೋ ತುಂಬಿಸಿದ ಸಾಲುಗಳೂ ಕಣ್ಣಿಗೆ ಬೀಳುವುದುಂಟು. 100 ಗ್ರಾಂಗೆ 900 ದಾಟಿದ ಯಾವ ಅಂಕಿಯನ್ನೂ ನಂಬಬೇಡಿ. ಶುದ್ಧ ಎಣ್ಣೆಯೇ ಅಷ್ಟು.

ಹೊರಗಿನ ಊಟಕ್ಕೆ ತಕ್ಕಡಿ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ, ಹೋಗಲೂಬಾರದು. ಪಾರ್ಸಲ್ ತಂದದ್ದನ್ನು ಮಾತ್ರ ತೂಗಿ. ಪಾವನ್ನು ಇಡೀ ಲಾದಿ (ಒಂದಕ್ಕೊಂದು ಅಂಟಿದ ಪಾವುಗಳ ಗುಂಪು) ತೂಗಿ ಬಿಡಿ ಪಾವಿನ ಸಂಖ್ಯೆಯಿಂದ ಭಾಗಿಸಿ. ಒಂದು 45 ಗ್ರಾಂ ಬಂದರೆ ಸುಮಾರು 120 ಕ್ಯಾಲೊರಿ. ವಡಾ, ಒಣ ಬೆಳ್ಳುಳ್ಳಿ ಚಟ್ನಿ ಸೇರಿ ಒಂದು ವಡಾ ಪಾವ್‌ಗೆ 280ರಿಂದ 320 ಹಿಡಿದರೆ ಬಹಳ ತಪ್ಪಾಗದು. ಮಾಟುಂಗಾ ಸ್ಟೇಷನ್ ಪಕ್ಕದ, 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಕಡೆ ಬಾಳೆಲೆಯ ಮುಂದೆ ಕೂತಾಗ ಗ್ರಾಂ ಲೆಕ್ಕ ನಡೆಯುವುದಿಲ್ಲ, ಸಂಖ್ಯೆಯ ಲೆಕ್ಕ ನಡೆಯುತ್ತದೆ. ಪೂರಿ ಎಷ್ಟು (ಒಂದಕ್ಕೆ 90–100), ಅನ್ನ ಎಷ್ಟು ಸಲ, ತುಪ್ಪ ಎಷ್ಟು ಚಮಚ (ಸಣ್ಣ ಚಮಚಕ್ಕೆ 40). ಬಡಿಸುವವರು ಬರುವ ಮೊದಲೇ ಪೂರಿಯ ಸಂಖ್ಯೆ ತೀರ್ಮಾನಿಸಿಕೊಂಡಿರುವುದು ಜಾಣತನ, ಏಕೆಂದರೆ ಅವರ ಒತ್ತಾಯ ಕ್ಯಾಲೊರಿಯಲ್ಲಿ ಅಳೆಯುವಂಥದ್ದಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಮೆನುವಿನಲ್ಲೇ ಕ್ಯಾಲೊರಿ ಬರೆಯಬೇಕೆಂಬ ನಿಯಮ ಇದೆ. ಮಾಲ್‌ನ ಪಿಜ್ಜಾ, ಬರ್ಗರಿಗೆ ಅದನ್ನೇ ಎತ್ತಿಕೊಳ್ಳಿ. ಉಳಿದ ಹೋಟೆಲ್ ಊಟಕ್ಕೆ ಅಂದಾಜಿನ ಮೇಲೆ ಶೇ. 20 ಸೇರಿಸಿ.

ಕುಡಿಯುವವರಿಗೆ: 60 ಮಿಲಿ ವಿಸ್ಕಿಗೆ ಸುಮಾರು 140 ಕ್ಯಾಲೊರಿ. ಜತೆಗಿನ ಚಕ್ಣಾ ಶೇಂಗಾ 30 ಗ್ರಾಂ ಒಂದು ಹಿಡಿಗೆ 170. ಹಿಡಿ ಎಷ್ಟು ಎಂಬುದನ್ನು ಮನೆಯಲ್ಲಿ ಒಮ್ಮೆ ತೂಗಿ ನೋಡಿಕೊಂಡು ಹೋಗಿ.

ಇಷ್ಟೆಲ್ಲ ಬರೆದಿಟ್ಟು ಏನು ಮಾಡುವುದು? ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ನೋಡುವುದು. ತೂಕ ಹಾಗೇ ಉಳಿಯಲು ದಿನಕ್ಕೆ 2000 ಬೇಕಾದವರು ಆರು ದಿನ 1600ರಲ್ಲಿ ನಿಂತರೆ 2400 ಉಳಿತಾಯ. ಏಳನೇ ದಿನ 3200 ತಿಂದರೆ ಅದರಲ್ಲಿ 1200 ಹೋಗಿ 1200 ಉಳಿಯುತ್ತದೆ. ಒಂದು ಕಿಲೋ ಕೊಬ್ಬಿಗೆ 7700 ಎಂದು ಹಿಡಿದರೆ ವಾರಕ್ಕೆ ಸುಮಾರು 156 ಗ್ರಾಂ ಇಳಿಕೆ. ನಿಧಾನ, ಆದರೆ ಇಳಿಕೆಯೇ. ಅದೇ ದಿನ ಲೆಕ್ಕವಿಲ್ಲದೆ 4400ಕ್ಕೆ ಹೋದರೆ ಆರು ದಿನದ ದುಡಿಮೆ ಪೂರ್ತಿ ನೀರುಪಾಲು. 3200ಕ್ಕೂ 4400ಕ್ಕೂ ನಡುವಿನ ಅಂತರ ತಟ್ಟೆಯಲ್ಲಿ ಕಾಣುವಂಥದ್ದಲ್ಲ: ಎರಡು ಪ್ಲೇಟ್ ಬಜೆ, ಮೂರು ಪೂರಿ, ಒಂದು ಹಿಡಿ ಶೇಂಗಾ, ಒಂದು ಪೆಗ್. ಮರುದಿನ ಉಪವಾಸ ಕೂತು ಸರಿಮಾಡಲು ಹೋಗಬೇಡಿ, ಸಂಜೆಗೆ ಮತ್ತೆ ಡಬ್ಬಿ ತೆರೆಯುತ್ತೀರಿ. ಮರುದಿನ ಬೆಳಿಗ್ಗೆ ಮೈತೂಕ ನೋಡುವುದೂ ಬೇಡ. ಮೈಯಲ್ಲಿ ಸೇರಿದ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ) ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ, ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು. ಒಂದೆರಡು ಕಿಲೋ ಏರಿದಂತೆ ಕಂಡು ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಈ ಚೀಟ್ ಡೇ ಏರಿಳಿತವನ್ನು ಡಾಕ್ಟರಲ್ಲಿ ಕೇಳದೆ ಮಾಡಬಾರದು.

ಈಗ ತಕ್ಕಡಿಯ ದೂರುಗಳು. ದೊಡ್ಡದು, ಎರಡು ನಿಮಿಷಕ್ಕೆ ತಾನಾಗಿ ಆರಿಹೋಗುವುದು. ಸೊನ್ನೆ ಮಾಡಿಟ್ಟು ಈರುಳ್ಳಿ ಹೆಚ್ಚಲು ಹೋದರೆ ಅಷ್ಟರಲ್ಲಿ ಲೆಕ್ಕ ಮಾಯ. ಹೊತ್ತು ಹಿಡಿಯುವ ಕೆಲಸಕ್ಕೆ ಸೊನ್ನೆ ಮಾಡುವುದನ್ನು ಬಿಟ್ಟು, ಡಬ್ಬಿಯ ಒಟ್ಟು ತೂಕವನ್ನೇ ಚೀಟಿಯಲ್ಲಿ ಬರೆದಿಡಿ. ಎರಡನೆಯದು, ಅಳತೆ ಬದಲಿಸುವ ಗುಂಡಿ ಸೊನ್ನೆ ಗುಂಡಿಯ ಪಕ್ಕದಲ್ಲೇ ಇರುವುದು. ಒದ್ದೆ ಬೆರಳು ತಾಗಿ ಔನ್ಸಿಗೆ ಹೋದರೆ 28 ಗ್ರಾಂ ಜಾಗದಲ್ಲಿ 1 ಕಾಣುತ್ತದೆ.

ಮಳೆಗಾಲದ ಕಾಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನ ಉಪ್ಪು ಗಾಳಿಗೆ ಸೆಲ್ ಕೂರುವ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಬರುತ್ತದೆ, ಅಂಕಿ ಕುಣಿಯುತ್ತದೆ. ಸೆಲ್ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ಸೆಲ್ ಬದಲಿಸಲು ‘ಲೋ’ ಎಂದು ತೋರಿಸುವವರೆಗೆ ಕಾಯಬೇಡಿ. ಅದಕ್ಕೂ ಮೊದಲೇ ತೂಕ ಅಲುಗಾಡತೊಡಗುತ್ತದೆ. ಅಡಿಯ ರಬ್ಬರ್ ಕಾಲುಗಳಲ್ಲಿ ಒಂದು ಕಳಚಿದರೂ ತಕ್ಕಡಿ ವಾಲಿ ಸುಳ್ಳು ಹೇಳುತ್ತದೆ. ಕಡಪ ಕಲ್ಲಿನ ಮೇಲೆ ನೇರವಾಗಿ ಇಡಿ, ಕೆಳಗೆ ಪೇಪರ್, ಪ್ಲಾಸ್ಟಿಕ್ ಹಾಳೆ ಬೇಡ, ಫ್ಯಾನ್ ಆರಿಸಿ. ಮೂರು ಗ್ರಾಂಗಿಂತ ಕಡಿಮೆಯದ್ದನ್ನು ಇದು ನೆಟ್ಟಗೆ ತೂಗದು. ತುಪ್ಪದಲ್ಲಿ ಒಂದು ಗ್ರಾಂ ತಪ್ಪಿದರೆ ಹೋಗುವುದು 9 ಕ್ಯಾಲೊರಿ ಅಷ್ಟೇ, ಅದಕ್ಕಾಗಿ ಚಿನ್ನದಂಗಡಿಯ ತಕ್ಕಡಿ ಹುಡುಕಬೇಕಾಗಿಲ್ಲ.

ಕೊಳ್ಳುವಾಗ ಮೇಲ್ಭಾಗ ಸಪಾಟಾಗಿರುವುದನ್ನು ಆರಿಸಿ. ಬಟ್ಟಲು ಅಂಟಿಕೊಂಡೇ ಬರುವ ಮಾದರಿಯಲ್ಲಿ ಎಣ್ಣೆ ಡಬ್ಬಿಯೂ ಕೂರದು, ಬಾಣಲೆಯೂ ಕೂರದು. ಅಂಕಿ ಕಾಣುವ ಪರದೆ ಆದಷ್ಟು ಮುಂದಕ್ಕೆ ಇರಬೇಕು, ಇಲ್ಲದಿದ್ದರೆ ಅಗಲದ ಪಾತ್ರೆಯ ಕೆಳಗೆ ಬಗ್ಗಿ ಇಣುಕಬೇಕಾಗುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಲು ಹತ್ತು ರೂಪಾಯಿಯ ಹತ್ತು ನಾಣ್ಯ ಸಾಕು, ಒಟ್ಟು 77 ಗ್ರಾಂ ಬರಬೇಕು. ಮನೆಗೆ ತಂದ ಮೇಲೆ ಒಡೆಯದ ಅರ್ಧ ಲೀಟರ್ ಹಾಲಿನ ಪ್ಯಾಕೆಟನ್ನು ನಾಲ್ಕೂ ಮೂಲೆಗೆ ಒಂದೊಂದು ಸಲ ಇಟ್ಟು ನೋಡಿ: ಹಾಲೇ 515 ಗ್ರಾಂ, ಪ್ಲಾಸ್ಟಿಕ್ ಎರಡು ಮೂರು ಗ್ರಾಂ. ಮೂಲೆಗೊಂದು ಅಂಕಿ ಬಂದು, ಅವುಗಳ ನಡುವೆ ಮೂರು ಗ್ರಾಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಲ್ಲು ಹರಿಯುವ ಮೊದಲೇ ವಾಪಸ್ ಕೊಡಿ.