ಏದುಸಿರು ಬಿಡುತ್ತಿದ್ದ ಅಮ್ಮನ ಜೊತೆ ಎಮರ್ಜೆನ್ಸಿಯಲ್ಲಿ ಒಂದು ರಾತ್ರಿ

ಅಮ್ಮನಿಗೆ 62. ಕಾಲು ಮುರಿದು ಮೂರು ವಾರದಿಂದ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಅವತ್ತು ಸಂಜೆ ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬಂದವರು ಮಂಚದ ಮೇಲೆ ಕೂತು ಏದುಸಿರು ಬಿಡತೊಡಗಿದರು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಕಾಲಿನ ಕಡೆ ಕಣ್ಣೂ ಹಾಯಿಸಲಿಲ್ಲ, ಆ ಸಿಟ್ಟು ನನಗೆ ಇನ್ನೂ ಇದೆ.

ರಾತ್ರಿ ಹನ್ನೊಂದಕ್ಕೆ ದೊಡ್ಡಾಸ್ಪತ್ರೆಗೆ ಓಡಿದೆವು. ಅಲ್ಲಿನ ಡ್ಯೂಟಿ ಡಾಕ್ಟರ್ ಮೊದಲು ಮುಟ್ಟಿದ್ದೇ ಕಾಲನ್ನು. ಪ್ಲಾಸ್ಟರ್ ಮೇಲೆ ತೊಡೆ ಊದಿತ್ತು, ಒತ್ತಿದರೆ ಅಮ್ಮ ಚೀರಿದರು. ನಾಡಿ 118, ಆಕ್ಸಿಜನ್ 90. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿರಬಹುದು ಅಂದರು.

ನಾನು ಮೊಬೈಲ್‌ನಲ್ಲಿ ಓದಿಕೊಂಡು, "ಡಿ-ಡೈಮರ್ ಮಾಡಿಸೋಣ್ವಾ ಡಾಕ್ಟ್ರೇ?" ಅಂದೆ. ಮೈಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದಾ ಅಂತ ಸುಳಿವು ಕೊಡುವ ರಕ್ತಪರೀಕ್ಷೆ ಅದು. ಅವರು ಬೇಸರ ಮಾಡಿಕೊಳ್ಳದೆ ಚೀಟಿಯ ಹಿಂದೆ ವೆಲ್ಸ್ ಸ್ಕೋರ್, ಅಂದರೆ ಶ್ವಾಸಕೋಶದಲ್ಲಿ ಹೆಪ್ಪಿರುವ ಅನುಮಾನ ಎಷ್ಟು ಅಂತ ಅಳೆಯುವ ಅಂಕಪಟ್ಟಿ, ಬರೆದು ತೋರಿಸಿದರು. ಕಾಲಿನ ಊತ, ನೋವಿಗೆ 3, ಬೇರೆ ಕಾಯಿಲೆಗಿಂತ ಇದರದ್ದೇ ಅನುಮಾನ ಜಾಸ್ತಿ ಅನ್ನೋದಕ್ಕೆ 3, ನಾಡಿ 100 ದಾಟಿದ್ದಕ್ಕೆ 1.5, ಮಲಗಿದಲ್ಲೇ ಇದ್ದದ್ದಕ್ಕೆ 1.5, ಒಟ್ಟು 9. 4 ದಾಟಿದರೆ ನೇರ ಸಿಟಿ ಸ್ಕ್ಯಾನ್. ಡಿ-ಡೈಮರ್ ಇರುವುದು ಅನುಮಾನ ಕಡಿಮೆ ಇರುವವರಿಗೆ, ನಾರ್ಮಲ್ ಬಂದರೆ ಅವರಿಗೆ ಸ್ಕ್ಯಾನ್ ತಪ್ಪುತ್ತದೆ. ಮೂಳೆ ಮುರಿದವರಿಗೆ, ಬಸುರಿಯರಿಗೆ, ಸೋಂಕು ಆದವರಿಗೆ ಅದು ಹೇಗೂ ಜಾಸ್ತಿ ಬರಬಹುದು, ನಮ್ಮ ವಿಷಯದಲ್ಲಿ ಸುಮ್ನೆ ಹೊತ್ತು ಹೋಗುತ್ತಿತ್ತು. ಯಾವ ಟೆಸ್ಟ್ ಬೇಡ ಅಂತ ಕಾರಣ ಸಮೇತ ಹೇಳುವ ಡಾಕ್ಟರು ಸಿಗೋದು ಎಷ್ಟು ಕಷ್ಟ, ಅಲ್ವಾ?

ಇನ್ನೊಂದು ಮಾತು ಹೇಳಲೇಬೇಕು. ಹೊಟ್ಟೆಯಲ್ಲಿ ಹುಣ್ಣಿತ್ತಾ, ಎಲ್ಲಾದರೂ ರಕ್ತ ಹೋಗಿತ್ತಾ ಅಂತ ಕೇಳಿಕೊಂಡು, ಸ್ಕ್ಯಾನ್‌ಗೆ ಕಾಯದೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಶುರು ಮಾಡಿದರು.

ಬೇಸರ ಆಗಿದ್ದು ಬಿಲ್ಲಿಂಗ್ ಕೌಂಟರಿನಲ್ಲಿ. ಸ್ಕ್ಯಾನ್ ರೂಮ್ ಖಾಲಿ ಇದ್ದರೂ ಅಡ್ವಾನ್ಸ್ ರಸೀದಿಗೆ ಇಪ್ಪತ್ತು ನಿಮಿಷ ನಿಲ್ಲಿಸಿದರು. ಜೊತೆಗೆ ತಂಗಿ ಇದ್ದಳು, ಸರಿ ಹೋಯಿತು. ಒಬ್ಬರೇ ಬಂದವರ ಗತಿ ಏನು? ಆಸ್ಪತ್ರೆಯವರು ಇದನ್ನು ದಯವಿಟ್ಟು ಸರಿ ಮಾಡಿ.

ಸ್ಕ್ಯಾನ್ ಮುಗಿದದ್ದು ಕೆಲವೇ ನಿಮಿಷದಲ್ಲಿ. ಡೈ ಹೋಗುವಾಗ ಮೈಯೆಲ್ಲ ಬಿಸಿಯಾಯಿತು ಅಂದರು ಅಮ್ಮ. ಡಾಕ್ಟರು ನನ್ನನ್ನೂ ಕರೆದು ತೋರಿಸಿದರು. ಬೆಳ್ಳಗೆ ಕಾಣುವ ರಕ್ತನಾಳದ ಕವಲಿನಲ್ಲಿ ಕಡಲೆಕಾಳಿನಷ್ಟು ಬೂದು ಮಚ್ಚೆ, ಅದೇ ಹೆಪ್ಪು. ಬಿಪಿ ಸರಿಯಿತ್ತು, ಎಕೋದಲ್ಲಿ ಹೃದಯಕ್ಕೆ ಒತ್ತಡ ಕಾಣಲಿಲ್ಲ, ಹಾಗಾಗಿ ಹೆಪ್ಪು ಕರಗಿಸುವ ಜೋರಾದ ಔಷಧಿ ಬೇಕಾಗಲಿಲ್ಲ.

ಐದನೇ ದಿನ ಮನೆಗೆ ಬಂದೆವು. ಕನಿಷ್ಠ 3 ತಿಂಗಳು ಮಾತ್ರೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ನಿನ್ನೆ ಅಮ್ಮ ಅಡುಗೆಮನೆ ತನಕ ನಡೆದು ಹೋಗಿ ತಾವೇ ಕಾಫಿ ಸೋಸಿಕೊಂಡರು, ಏದುಸಿರು ಇರಲಿಲ್ಲ.